ಅಪ್ಪನ ಹಾಳೆಯಲ್ಲಿದ್ದ ಲೆಕ್ಕ

ಅಪ್ಪನ ಮೊಬೈಲಿಗೆ ಕರೆ ಮಾಡಿದರೆ ‘ಸ್ವಿಚ್ ಆಫ್’ ಎಂಬ ಧ್ವನಿಯೇ ಕೇಳಿಸಲು ಶುರುವಾಗಿ ಎರಡು ತಿಂಗಳಾಗಿತ್ತು. ಸಂಜೆ ಹೇಗೋ ಸಿಕ್ಕಿದಾಗ ಕೇಳಿದರೆ, “ಮಧ್ಯಾಹ್ನ ಚಾರ್ಜಿಗೆ ಹಾಕಿದ್ದೆನಲ್ಲ” ಎನ್ನುತ್ತಿದ್ದರು. “ಸ್ವಿಚ್ ಹಾಕಲು ಮರೆತಿರುತ್ತೀರಿ ಅಪ್ಪ” ಎಂದು ನಾನು ಹೇಳುತ್ತಿದ್ದೆ. ಒಂದೆರಡು ಸಲ ಗದರಿದ್ದೂ ಉಂಟು. ಒಬ್ಬರೇ ಇರುವ ಮನುಷ್ಯ, ಫೋನ್ ಸತ್ತಿದ್ದರೆ ನನಗೆ ಇಲ್ಲಿ ಕೈಕಾಲು ಆಡುತ್ತಿರಲಿಲ್ಲ. ರಿಪೇರಿಯವರಿಗೆ ತೋರಿಸಿದ್ದಾಯಿತು. ಬ್ಯಾಟರಿ ಹೋಗಿದೆ, ಬದಲಾಯಿಸಿ ಎಂದರು.

ಹೊಸ ಬ್ಯಾಟರಿ ಹಾಕಿಸುವುದೆಂದೇ ಆ ಭಾನುವಾರ ಅಪ್ಪನ ಮನೆಗೆ ಹೋಗಿದ್ದೆ. ಅವರು ಏನೂ ಮಾತನಾಡದೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ದಿನಕ್ಕೊಂದು ಸಾಲು. ಚಾರ್ಜಿಗೆ ಹಾಕಿದ ಹೊತ್ತು, ಆಗಿನ ಶೇಕಡಾ. ತೆಗೆದ ಹೊತ್ತು, ಆಗಿನ ಶೇಕಡಾ. ಒಂದು ಸಾಲು ಹೀಗಿತ್ತು: 2.00 – 31, 3.30 – 45. ಅದರ ಕೆಳಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಒಂದೂವರೆ ಗಂಟೆಗೆ ಹದಿಮೂರು, ಹದಿನಾಲ್ಕು.

ಆ ಹಾಳೆ ನೋಡಿ ನನಗೆ ಬಾಯಿ ಕಟ್ಟಿತು. ಅಪ್ಪ ಒಂದು ದಿನವೂ ಮರೆತಿರಲಿಲ್ಲ. ರಾತ್ರಿಯಿಡೀ ಚಾರ್ಜಿಗೆ ಬಿಡಲು ಅವರಿಗೆ ಭಯ. ಹಾಗಾಗಿ ಮಧ್ಯಾಹ್ನ ಮಲಗುವ ಒಂದೂವರೆ ಗಂಟೆಯನ್ನು ಫೋನಿಗೆ ಕೊಟ್ಟಿದ್ದರು, ಅಷ್ಟು ಹೊತ್ತಿನಲ್ಲಿ ಅದು ತುಂಬುತ್ತಲೇ ಇರಲಿಲ್ಲ. ಇನ್ನೊಂದು ವಿಷಯವೂ ಆ ಹಾಳೆಯಲ್ಲಿತ್ತು: ಶೇಕಡಾ ಏರುವುದು ನಿಧಾನವೇ ಹೊರತು ಇಳಿಯುವುದು ಬೇಗವಲ್ಲ. ಬ್ಯಾಟರಿ ಸವೆದಿದ್ದರೆ ತುಂಬುವುದೂ ಬೇಗ, ಖಾಲಿಯಾಗುವುದೂ ಬೇಗ. ಇದು ತಿರುಗುಮುರುಗಾಗಿತ್ತು.

ನನ್ನ ಚೀಲದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಮೀಟರ್ ಒಂದಿರುತ್ತದೆ. ಕೇಬಲ್ಲಿಗೂ ಫೋನಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಫೋನಿನೊಳಗೆ ಹೋಗುತ್ತಿದೆ ಎಂದು ತೋರಿಸುತ್ತದೆ. ಅದಕ್ಕೂ ಮೊದಲು ಫೋನ್ ಆಫ್ ಮಾಡಿ, ಮರದ ಕಡ್ಡಿಯಿಂದ ಚಾರ್ಜಿಂಗ್ ಕಿಂಡಿಯನ್ನು ಮೆಲ್ಲಗೆ ಕೆದಕಿದೆ. ಜೇಬಿನ ನೂಲು, ದೂಳು ಒತ್ತಿ ಗಟ್ಟಿಯಾದ ಸಣ್ಣ ಉಂಡೆ ಹೊರಬಂತು. ಇದೇ ಇರಬೇಕೆಂದು ಅಪ್ಪನ ಮುಖ ಅರಳಿತು. ಆದರೆ ಮೀಟರ್ ಹಾಕಿ ನೋಡಿದರೆ 4.6 ವೋಲ್ಟ್, 0.47 ಆಂಪಿಯರ್. ಗುಣಿಸಿದರೆ ಎರಡು ವ್ಯಾಟಿಗಿಂತ ಚೂರು ಹೆಚ್ಚು. ಚಾರ್ಜರಿನ ಮೇಲೆ 18 ವ್ಯಾಟ್ ಎಂದು ಬರೆದಿತ್ತು, ಫೋನ್ ಕೂಡ ಅಷ್ಟನ್ನು ತೆಗೆದುಕೊಳ್ಳಬಲ್ಲದು. ಉಳಿದದ್ದು ಎಲ್ಲಿ ಹೋಯಿತು?

ಕೇಬಲ್ ಎರಡು ಮೀಟರ್ ಉದ್ದದ್ದು. ಮಂಚದ ಹತ್ತಿರ ಪ್ಲಗ್ ಇಲ್ಲವೆಂದು ನಾನೇ ತಂದುಕೊಟ್ಟದ್ದು. ನೂಲಿನ ಹೆಣಿಗೆಯ ಹೊದಿಕೆ, ಮುಟ್ಟಿದರೆ ಗಟ್ಟಿಮುಟ್ಟು. ಅದನ್ನು ಕಳಚಿ, ಫೋನಿನ ಜೊತೆ ಬಂದಿದ್ದ ಒಂದು ಮೀಟರಿನ ಕೇಬಲ್ಲನ್ನು ಪೆಟ್ಟಿಗೆಯಿಂದ ಹುಡುಕಿ ಅದೇ ಚಾರ್ಜರಿಗೆ ಹಾಕಿದೆ. ಮೀಟರಿನ ಅಂಕಿ ಮೊದಲು 5ರಲ್ಲಿ ನಿಂತಿತು, ಎರಡು ಕ್ಷಣದ ಮೇಲೆ 8.7ಕ್ಕೆ ಜಿಗಿಯಿತು. 1.9 ಆಂಪಿಯರ್. ಹದಿನಾರೂವರೆ ವ್ಯಾಟ್! ಫೋನೂ ಅದೇ, ಚಾರ್ಜರೂ ಅದೇ, ಗೋಡೆಯ ಪ್ಲಗ್ಗೂ ಅದೇ. ಅಪ್ಪ ಕನ್ನಡಕ ಸರಿಮಾಡಿಕೊಂಡು ಮೀಟರನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

ಅಷ್ಟಕ್ಕೇ ಬಿಡಲು ಮನಸ್ಸಾಗದೆ ಉದ್ದದ ಕೇಬಲ್ಲನ್ನು ಬ್ಲೇಡಿನಿಂದ ಸೀಳಿದೆ. ಹೊದಿಕೆ, ಅದರೊಳಗೆ ದಪ್ಪ ರಬ್ಬರ್, ಅದರೊಳಗೆ ಜಾಗ ತುಂಬಲು ಬಿಳಿ ನೂಲು. ಅದರ ನಡುವೆ ಕೆಂಪು, ಕಪ್ಪು ಎರಡೇ ತಂತಿ. ಕೆಂಪಿನ ಸಿಪ್ಪೆ ಸುಲಿದರೆ ಒಳಗೆ ಕೂದಲೆಳೆಯಂಥ ಏಳು ತಾಮ್ರದ ಎಳೆಗಳು. ಹಸಿರು ಮತ್ತು ಬಿಳಿ ತಂತಿಗಳು ಇರಲೇ ಇಲ್ಲ. ಮಾಹಿತಿ ಸಾಗುವುದು ಆ ಎರಡು ತಂತಿಗಳಲ್ಲಿ. ಈ ಬಗೆಯ ಚಾರ್ಜರ್ ಫೋನಿನೊಡನೆ ಒಪ್ಪಂದ ಮಾಡಿಕೊಳ್ಳುವುದೂ ಅವುಗಳ ಮೂಲಕವೇ: ನಾನು 9 ವೋಲ್ಟ್ ಕೊಡಬಲ್ಲೆ, ನಿನಗೆ ಬೇಕೇ ಎಂದು. ಆ ಮಾತುಕತೆಗೆ ದಾರಿಯೇ ಇಲ್ಲದಿದ್ದರೆ ಫೋನ್ ಎದುರಿಗಿರುವುದು ಎಂಥ ಚಾರ್ಜರ್ ಎಂದು ತಿಳಿಯದೆ, ಯುಎಸ್‌ಬಿಯ ಹಳೆಯ ಮಿತಿಯಾದ ಅರ್ಧ ಆಂಪಿಯರನ್ನಷ್ಟೇ ಎಳೆದುಕೊಳ್ಳುತ್ತದೆ. ಆ ಅರ್ಧ ಆಂಪಿಯರಿನಲ್ಲೂ ತೆಳು ತಂತಿ ಅರ್ಧ ವೋಲ್ಟನ್ನು ದಾರಿಯಲ್ಲೇ ನುಂಗುತ್ತಿತ್ತು.

“ಉದ್ದದ ಸಣ್ಣ ಪೈಪಿನ ಕೊನೆಯಲ್ಲಿ ನೀರಿಗೆ ರಭಸ ಇರುವುದಿಲ್ಲ, ಅಷ್ಟೇ ತಾನೇ?” ಎಂದರು ಅಪ್ಪ. ಅಷ್ಟೇ. ವಿದ್ಯುತ್ತು ಹೋಗುವುದಕ್ಕೆ ಎರಡು ಮೀಟರ್, ಮರಳುವುದಕ್ಕೆ ಎರಡು ಮೀಟರ್, ಒಟ್ಟು ನಾಲ್ಕು. ತಂತಿಯ ದಪ್ಪವನ್ನು ಎಡಬ್ಲ್ಯೂಜಿ ಎಂಬ ಅಳತೆಯಲ್ಲಿ ಕೇಬಲ್ಲಿನ ಮೈಮೇಲೆ ಕೆಲವರು ಅಚ್ಚು ಹಾಕುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 28 ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, 20 ಎಂದರೆ 0.8 ಮಿಲಿಮೀಟರ್. ವೋಲ್ಟೇಜ್ ಏರಿಸಿ ಕೊಡುವುದರ ಗುಟ್ಟೂ ಇಲ್ಲೇ ಇದೆ. 18 ವ್ಯಾಟನ್ನು 5 ವೋಲ್ಟಿನಲ್ಲಿ ಸಾಗಿಸಲು 3.6 ಆಂಪಿಯರ್ ಬೇಕು, 9 ವೋಲ್ಟಿನಲ್ಲಾದರೆ ಎರಡೇ ಸಾಕು. ತಂತಿಯಲ್ಲಿ ಬಿಸಿಯಾಗಿ ಕಳೆದುಹೋಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇದು ಸಣ್ಣ ಉಳಿತಾಯವಲ್ಲ.

ಚಾರ್ಜರಿನ ಪಾಲೆಷ್ಟು ಎಂಬ ಕುತೂಹಲಕ್ಕೆ ಮನೆಯಲ್ಲಿದ್ದ ಹಳೆಯ 5 ವೋಲ್ಟ್, 1 ಆಂಪಿಯರಿನ ಚಾರ್ಜರಿಗೆ ಅದೇ ಒಳ್ಳೆಯ ಕೇಬಲ್ ಹಾಕಿದೆ. ನಾಲ್ಕೂವರೆ ವ್ಯಾಟ್ ಬಂತು. ಆಮೇಲೆ ನನ್ನ ಲ್ಯಾಪ್‌ಟಾಪಿನ 65 ವ್ಯಾಟಿನ ಚಾರ್ಜರ್ ತೆಗೆದಾಗ ಅಪ್ಪ ಕೈ ಅಡ್ಡ ಹಿಡಿದರು. “ಬೇಡ, ಫೋನ್ ಸುಟ್ಟುಹೋದೀತು.” ಈ ಭಯ ಬಹಳ ಜನರಿಗಿದೆ. ಆದರೆ ಅಂಥ ಚಾರ್ಜರ್ ತನ್ನಲ್ಲಿರುವ 5, 9, 15, 20 ವೋಲ್ಟುಗಳ ಪಟ್ಟಿಯನ್ನು ಮುಂದಿಡುತ್ತದೆ, ಆರಿಸಿಕೊಳ್ಳುವುದು ಫೋನ್. ಅಪ್ಪನ ಫೋನ್ 9 ವೋಲ್ಟನ್ನು ಆರಿಸಿಕೊಂಡು, ತನ್ನ ಚಾರ್ಜರಿನಿಂದ ಎಳೆದಷ್ಟನ್ನೇ ಇದರಿಂದಲೂ ಎಳೆಯಿತು. ಒಂದು ವ್ಯಾಟೂ ಹೆಚ್ಚಿಲ್ಲ.

ಸಂಜೆ ಹೊರಡುವ ಮುನ್ನ ಅಪ್ಪ ಹಾಳೆಯಲ್ಲಿ ಹೊಸ ಸಾಲು ಬರೆದಿದ್ದರು: 5.10 – 41, 5.50 – 83. ಎಂಬತ್ತು ದಾಟಿದ ಮೇಲೆ ಮೀಟರಿನ ಅಂಕಿ ಇಳಿಯತೊಡಗಿದ್ದನ್ನು ಅವರೇ ಗಮನಿಸಿ ಕೇಳಿದರು. ತುಂಬುತ್ತ ಬಂದ ಬ್ಯಾಟರಿಗೆ ಫೋನೇ ವೇಗ ತಗ್ಗಿಸುತ್ತದೆ, ಮೈ ಬಿಸಿಯಾದರೂ ಹಾಗೆಯೇ ಮಾಡುತ್ತದೆ ಎಂದೆ. ನಾನು ಗದರಿದ್ದಕ್ಕೆ ಕ್ಷಮಿಸಿ ಅಪ್ಪ ಎಂದೂ ಹೇಳಿದೆ. “ಹೋಗಲಿ ಬಿಡು, ಮಂಚದ ತನಕ ಈ ಕೇಬಲ್ ಬರುವುದಿಲ್ಲವಲ್ಲ, ಅದಕ್ಕೇನು ಮಾಡುತ್ತೀ?” ಎಂದರು.

ಮುಂದಿನ ವಾರ ದಪ್ಪ ತಂತಿಯ, ನಾಲ್ಕೂ ತಂತಿಗಳಿರುವ ಎರಡು ಮೀಟರಿನ ಕೇಬಲ್ ತೆಗೆದುಕೊಂಡು ಹೋದೆ. ಮೀಟರ್ ಹಿಡಿದವರು ಅಪ್ಪ. 8.4 ವೋಲ್ಟ್, 1.95 ಆಂಪಿಯರ್ ಎಂದು ಗಟ್ಟಿಯಾಗಿ ಓದಿದರು. ಉದ್ದ ಇದ್ದರೂ ಹದಿನಾರು ವ್ಯಾಟ್ ದಾಟಿತ್ತು. ಮೀಟರನ್ನು ಅವರ ಬಳಿಯೇ ಬಿಟ್ಟು ಬಂದೆ. ಅವರು ಹಾಳೆಯ ಬಲಬದಿಗೆ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದು, ಮೇಲೆ ‘ವ್ಯಾಟ್’ ಎಂದು ಬರೆದುಕೊಳ್ಳುತ್ತಿದ್ದರು.