ಬೇಲೂರು, ಹಳೇಬೀಡು ಒಂದೇ ದಿನದಲ್ಲಿ ಆಗುತ್ತಾ?

ನಮ್ಮದು ಹಾಸನ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು: "ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನದಲ್ಲಿ ನೋಡಬಹುದಾ? ಮೊದಲು ಯಾವುದಕ್ಕೆ ಹೋಗಬೇಕು?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಾಗೇ ಶ್ರವಣಬೆಳಗೊಳನೂ ಮುಗಿಸಿಕೊಂಡು ಬರೋಕಾಗುತ್ತಾ?"

ಎರಡೂ ಒಂದೇ ದಿನದಲ್ಲಿ ಆರಾಮಾಗಿ ಆಗುತ್ತವೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು. ಶ್ರವಣಬೆಳಗೊಳ ಮಾತ್ರ ಅದೇ ದಿನಕ್ಕೆ ಬೇಡ. ಅದು ಹಾಸನದಿಂದ ಇನ್ನೊಂದು ದಿಕ್ಕಿಗೆ, ಸುಮಾರು 50 ಕಿಲೋಮೀಟರ್ ದೂರ. ಬರಿಗಾಲಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯಬೇಕು. ಅದನ್ನು ಸೇರಿಸಿದರೆ ಹಳೇಬೀಡಿಗೆ ಉಳಿಯುವುದು ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಹಳೇಬೀಡು ನೋಡಿ ಬಂದವರು ಏನೂ ನೋಡಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ದಾರಿಯ ಲೆಕ್ಕ ಸುಲಭ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಬೇಲೂರಿನಿಂದ ಹಳೇಬೀಡು 16-17, ಹಳೇಬೀಡಿನಿಂದ ಹಾಸನಕ್ಕೆ 30ರ ಆಸುಪಾಸು. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ಮೂರೂ ಕಡೆ ಬಸ್ ಓಡಾಡುತ್ತವೆ, ಕಾರೇ ಬೇಕು ಅಂತೇನಿಲ್ಲ. ಬೆಂಗಳೂರಿನಿಂದ ಬರುವವರು ಹಿಂದಿನ ರಾತ್ರಿಯೇ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಮಲಗುವುದು ಒಳ್ಳೆಯದು. ಬೆಳಗಿನ ಜಾವ ಹೊರಟು ಅದೇ ರಾತ್ರಿ ಮನೆ ಸೇರುವವರೂ ಇದ್ದಾರೆ. ಆದರೆ ದಿನದ ಒಳ್ಳೆಯ ಹೊತ್ತೆಲ್ಲ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ.

ಇನ್ನು ಬೇಲೂರೇ ಮೊದಲು ಯಾಕೆ? ಅಲ್ಲಿ ಇವತ್ತಿಗೂ ನಿತ್ಯಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಚೆನ್ನಕೇಶವನ ದರ್ಶನ ಆಗಬೇಕು ಅಂದರೆ ಬೆಳಿಗ್ಗೆಯೇ ಹೋಗಬೇಕು. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಎಳೆ ಬಿಸಿಲು ನೇರವಾಗಿ ಮುಂಭಾಗದ ಮೇಲೆ ಬೀಳುತ್ತದೆ. ಹಳೇಬೀಡಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿನ ಅತ್ಯುತ್ತಮ ಕೆತ್ತನೆ ಇರುವುದು ಹಿಂಭಾಗದ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಗೋಡೆಯ ಒಂದೊಂದು ಸರ, ಒಂದೊಂದು ಗೆಜ್ಜೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಬೆಳಿಗ್ಗೆ ಹೋದರೆ ಅದೇ ಗೋಡೆ ನೆರಳಲ್ಲಿರುತ್ತದೆ.

ಇನ್ನೊಂದು ಕಾರಣ ಇತಿಹಾಸದ್ದು. ಬೇಲೂರಿನ ಗುಡಿ ಹೊಯ್ಸಳ ರಾಜ ವಿಷ್ಣುವರ್ಧನ ಕಟ್ಟಿಸಿದ್ದು, 1117ರದ್ದು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು ಕೆಲವೇ ವರ್ಷಗಳ ನಂತರ. ಬೇಲೂರಿನಲ್ಲಿ ಕಣ್ಣು ಸೂರಿನ ಕೆಳಗಿನ ಮದನಿಕೆಯರ, ಅಂದರೆ ಸುಂದರಿಯರ ಶಿಲ್ಪಗಳ ಕಡೆಗೆ ಹೋಗುತ್ತದೆ. ಹಳೇಬೀಡಿನಲ್ಲಿ ಇಡೀ ಗೋಡೆಯೇ ದೇವಾನುದೇವತೆಗಳಿಂದ ತುಂಬಿಹೋಗಿದೆ. ಇದೇ ಕ್ರಮದಲ್ಲಿ ನೋಡಿದರೆ ಶಿಲ್ಪಿಗಳ ಕೈ ಹೇಗೆ ಮುಂದುವರಿಯಿತು ಅನ್ನೋದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಬೇಲೂರಿಗೆ ಎಂಟು ಗಂಟೆ ಹೊತ್ತಿಗೆ ತಲುಪಿ. ಮೂರು ಗಂಟೆಯಾದರೂ ಅಲ್ಲಿಗೆ ಇಟ್ಟುಕೊಳ್ಳಿ. ಮೊದಲು ಜಗಲಿಯ ಮೇಲೆ ಪೂರ್ತಿ ಒಂದು ಸುತ್ತು ಬನ್ನಿ. ಪೂರ್ವದ ಬಾಗಿಲ ಇಕ್ಕೆಲದಲ್ಲಿ ರತಿ ಮನ್ಮಥರಿದ್ದಾರೆ, ಪಕ್ಕದ ಜಾಲಂಧ್ರದಲ್ಲಿ, ಅಂದರೆ ತೂತುಗಳಿರುವ ಕಲ್ಲಿನ ಕಿಟಕಿಯಲ್ಲಿ, ರಾಜನ ಒಡ್ಡೋಲಗ ಇದೆ. ದರ್ಪಣಸುಂದರಿಯ ಮುಂದೆ ಎಲ್ಲರೂ ಗುಂಪು ಕಟ್ಟುತ್ತಾರೆ, ಕಟ್ಟಲಿ. ನೀವು ಉಳಿದ ಮದನಿಕೆಯರಿಗೂ ಸ್ವಲ್ಪ ಹೊತ್ತು ಕೊಡಿ. ಅವು ಎತ್ತರದಲ್ಲಿವೆ, ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿದರೆ ಬಳೆ, ಉಗುರುಗಳೂ ಕಾಣುತ್ತವೆ. ಇಷ್ಟು ಸೂಕ್ಷ್ಮ ಹೇಗೆ ಸಾಧ್ಯವಾಯಿತು ಅಂದರೆ, ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ.

ಗೈಡ್ ಮಾಡಿಕೊಳ್ಳಿ, ಆ ದುಡ್ಡಿಗೆ ಜಿಪುಣತನ ಬೇಡ. ಒಳಗಿನ ನರಸಿಂಹ ಕಂಬ, ನವರಂಗದ (ಗುಡಿಯೊಳಗಿನ ಮಂಟಪದ) ಚಾವಣಿಯಲ್ಲಿ ಭುವನೇಶ್ವರಿ ಅನ್ನುವ ಕೆತ್ತನೆ, ಅಂಗಳದಲ್ಲಿ ಬುನಾದಿಯಿಲ್ಲದೆ ತನ್ನ ಭಾರಕ್ಕೇ ನಿಂತಿರುವ ದೀಪದ ಕಂಬ, ಎಲ್ಲ ತೋರಿಸುತ್ತಾರೆ. ಜಕಣಾಚಾರಿಯ ಕಥೆ, ಕಪ್ಪೆ ಚೆನ್ನಿಗರಾಯನ ಕಥೆ ಕೂಡ ಹೇಳುತ್ತಾರೆ. ಖುಷಿಯಾಗಿ ಕೇಳಿ. ಆಮೇಲೆ "ಶಿಲ್ಪಿಗಳ ಸಹಿ ಎಲ್ಲಿದೆ?" ಅಂತ ಅವರನ್ನೇ ಕೇಳಿ. ಇದು ನನಗೆ ತುಂಬ ಮುಖ್ಯ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ. ಒಂಬೈನೂರು ವರ್ಷದ ಹಿಂದೆ ಉಳಿ ಹಿಡಿದ ಮನುಷ್ಯನ ಹೆಸರು ನಮ್ಮ ಕಣ್ಣೆದುರೇ ಇರುವಾಗ ಅದನ್ನು ನೋಡದೆ ಬರಬಾರದು ಅಲ್ವಾ? ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯೂ ಅದೇ ಆವರಣದಲ್ಲಿದೆ. ಜನ ಕಡಿಮೆ, ನಿಧಾನವಾಗಿ ನೋಡಬಹುದು.

ಊಟ ಬೇಲೂರಿನಲ್ಲೇ ಮುಗಿಸಿ ಹೊರಡಿ, ಹೋಟೆಲ್‌ಗಳು ಅಲ್ಲೇ ಜಾಸ್ತಿ.

ಹಳೇಬೀಡಿಗೆ ಬಂದ ಕೂಡಲೇ ಹೊಯ್ಸಳೇಶ್ವರಕ್ಕೆ ನುಗ್ಗಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಆ ಕಲ್ಲಿನ ಜಗಲಿ ಕಾದಿರುತ್ತದೆ, ಅಂಗಾಲು ಸುಡುತ್ತದೆ. ಚೀಲದಲ್ಲಿ ಒಂದು ಜೊತೆ ಸಾಕ್ಸ್ ಇಟ್ಟುಕೊಂಡಿರಿ. ಆ ಹೊತ್ತಿಗೆ ಬಸ್ತಿಹಳ್ಳಿಯ ಬಸದಿಗಳಿಗೆ ಹೋಗಿ. ಹೊಯ್ಸಳೇಶ್ವರದಿಂದ ನಡೆದೇ ಹೋಗುವಷ್ಟು ಹತ್ತಿರ, ಆದರೂ ಬಂದವರಲ್ಲಿ ಬಹುಪಾಲು ಜನ ಅತ್ತ ತಲೆ ಹಾಕುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರು ತರಿಸುವ ವಿಷಯ. ಪಾರ್ಶ್ವನಾಥ ಬಸದಿ 1133ರದ್ದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ್ದು. ಹೊರಗೋಡೆ ಸರಳ. ಒಳಗೆ 18 ಅಡಿ ಎತ್ತರದ ಪಾರ್ಶ್ವನಾಥ, ಮುಖ ಕಾಣುವಷ್ಟು ನಯವಾದ ಕಪ್ಪು ಕಂಬಗಳು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಣ್ಣಗಿರುತ್ತದೆ. ಅಲ್ಲಿಂದ ಮುಂದೆ ಕೇದಾರೇಶ್ವರ. ಇಮ್ಮಡಿ ಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ ಚಿಕ್ಕ, ಚೊಕ್ಕ ಗುಡಿ. ಶುಕ್ರವಾರ ಬಿಟ್ಟು ಬೇರೆ ದಿನ ಬಂದರೆ ಹೊಯ್ಸಳೇಶ್ವರದ ಪಕ್ಕದ ಮ್ಯೂಸಿಯಂ ಕೂಡ ನೋಡಬಹುದು.

ಮೂರೂವರೆ ಹೊತ್ತಿಗೆ ಹೊಯ್ಸಳೇಶ್ವರಕ್ಕೆ ಬನ್ನಿ, ಕತ್ತಲಾಗುವವರೆಗೆ ಅಲ್ಲೇ ಇರಿ. ಹೊಯ್ಸಳೇಶ್ವರ, ಶಾಂತಲೇಶ್ವರ ಅಂತ ಎರಡು ಗುಡಿಗಳು ಸೇರಿಕೊಂಡಿವೆ, ಎರಡಕ್ಕೂ ಒಂದೊಂದು ನಂದಿ. ದಕ್ಷಿಣದ ನಂದಿಯ ಹಿಂದೆ ಸೂರ್ಯನ ಗುಡಿ ಇದೆ, ಮರೆಯಬೇಡಿ.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಆಮೇಲೆ ಕಥೆಯ ಪಟ್ಟಿ, ಅದರ ಮೇಲೆ ಮಕರ, ಹಂಸ. ಕಥೆಯ ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಇವೆ. ಮಕ್ಕಳು ಜೊತೆಗಿದ್ದರೆ ಚಕ್ರವ್ಯೂಹ ಹುಡುಕಲು ಹೇಳಿ. ಮೇಲಿನ ದೊಡ್ಡ ವಿಗ್ರಹಗಳಲ್ಲಿ ಕೈಲಾಸ ಎತ್ತುವ ರಾವಣನ ಮುಂದೆ, ಗೋವರ್ಧನ ಎತ್ತಿದ ಕೃಷ್ಣನ ಮುಂದೆ ಸುಮ್ನೆ ನಿಂತುಬಿಡಿ. ಆ ಬೆಟ್ಟದಲ್ಲಿ ಪ್ರಾಣಿಗಳಿವೆ, ಮರಗಳಿವೆ. ಅವಸರದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಅಂಗಳದಲ್ಲಿ ಗರುಡಗಂಬ ಇದೆ. ಗರುಡ ಅಂದರೆ ರಾಜನ ಜೊತೆಗೇ ಸಾಯುವ ಪಣ ತೊಟ್ಟ ಅಂಗರಕ್ಷಕ. ಇಮ್ಮಡಿ ಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮ, ತನ್ನ ರಾಜ ತೀರಿಕೊಂಡಾಗ ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಕೊಟ್ಟ ನೆನಪಿನ ಕಂಬ ಅದು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರ ಚಿತ್ರ ಅದರ ಮೇಲಿದೆ. ಇದೇ ಊರು ದೋರಸಮುದ್ರ ಅನ್ನಿಸಿಕೊಂಡು ರಾಜಧಾನಿಯಾಗಿತ್ತು, 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದದ್ದೂ ಇಲ್ಲಿಗೇ. ಆ ಕಂಬದ ಹತ್ತಿರ ನಿಂತಾಗ ಇದು ನಿಜವಾಗಿ ಜನ ಬದುಕಿ ಸತ್ತ ಊರು ಅಂತ ಅನ್ನಿಸುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ರಜೆ ದಿನ ಬಿಟ್ಟು ವಾರದ ನಡುವೆ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಮಳೆ ನಿಂತ ಮೇಲಿನ ಅಕ್ಟೋಬರ್ ಕೊನೆ, ನವೆಂಬರ್ ನನ್ನ ಆಯ್ಕೆ.

ಚಿಕ್ಕಮಗಳೂರಿನಲ್ಲಿ ಉಳಿದವರಿಗೆ ಒಂದು ಬೇರೆ ಮಾತು. ನಿಮಗೆ ಬೇಲೂರು 25 ಕಿಲೋಮೀಟರ್ ಅಷ್ಟೇ. ಹಳೇಬೀಡಿನಿಂದ ವಾಪಸ್ ಹೋಗುವಾಗ ಬೆಳವಾಡಿ ಮೇಲೆ ಹೋಗಬಹುದು, ಅಲ್ಲಿ ವೀರನಾರಾಯಣನ ಗುಡಿ ಇದೆ. ಅದನ್ನೂ ನೋಡಬೇಕು ಅಂತಿದ್ದರೆ ಮಾರನೇ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಸಂಜೆಯ ಹೊತ್ತು ಹಳೇಬೀಡಿಗೇ ಇರಲಿ.