ಅಪ್ಪನ ಹಿಮ್ಮಡಿ ನೋವು ಮತ್ತು ಒಂದು ಮಾತ್ರೆ

"ಈಚೆಗೆ ಯಾವುದಾದ್ರೂ ಆ್ಯಂಟಿಬಯಾಟಿಕ್ ತಗೊಂಡಿದ್ರಾ ಯಜಮಾನ್ರೇ?"

ಸೋಮವಾರ ಮೂಳೆ ಡಾಕ್ಟರು ಅಪ್ಪನನ್ನು ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಹಿಮ್ಮಡಿ ನೋವಿಗೂ ಆ್ಯಂಟಿಬಯಾಟಿಕ್‌ಗೂ ಏನು ಸಂಬಂಧ? ಬೆಳಿಗ್ಗೆ ಮಂಚ ಇಳಿದು ಹೆಜ್ಜೆ ಇಡೋಕೆ ಅಪ್ಪ ಗೋಡೆ ಹಿಡಿಯುತ್ತಿದ್ದರು. ಭಾವ ಯೂರಿಕ್ ಆ್ಯಸಿಡ್ ಅಂದರು. ಅತ್ತೆ, ವಯಸ್ಸಾಯ್ತಲ್ಲ, ವಾಕಿಂಗ್ ಬಿಟ್ಟುಬಿಡಿ ಅಂದರು. ಭಾವ ಒಳ್ಳೆಯವರೇ, ಆದರೆ ಯಾರ ನೋವಿಗಾದರೂ ಪೂರ್ತಿ ಕೇಳುವ ಮೊದಲೇ ಕಾರಣ ಹೇಳಿಬಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ.

ಡಾಕ್ಟರು ಅಪ್ಪನನ್ನು ಬೋರಲು ಮಲಗಿಸಿ, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಎರಡು ಬೆರಳಲ್ಲಿ ಒತ್ತಿದರು. ಅಪ್ಪ ಕಾಲು ಎಳೆದುಕೊಂಡರು. ಅಲ್ಲಿ ಊದಿಕೊಂಡು ಬಿಸಿಯಾಗಿತ್ತು. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಅಕಿಲಿಸ್ ಟೆಂಡನ್ ಅದು. ದೇಹದಲ್ಲೇ ಗಟ್ಟಿ ಟೆಂಡನ್, ಆದರೆ ಅಲ್ಲಿಗೆ ರಕ್ತ ಹರಿಯುವುದು ಕಮ್ಮಿ, ಹಾಗಾಗಿ ಪೆಟ್ಟು ಬಿದ್ದರೆ ಬೇಗ ವಾಸಿಯಾಗುವುದಿಲ್ಲ. ಏಕಾಏಕಿ ಓಟ ಶುರು ಮಾಡಿದಿರಾ, ಬೆಟ್ಟ ಹತ್ತಿದಿರಾ, ಶೂ ಸವೆದಿದೆಯಾ, ಶುಗರ್, ಕೊಲೆಸ್ಟ್ರಾಲ್ ಇದೆಯಾ, ಎಲ್ಲ ಕೇಳಿದರು. ಏನೂ ಇಲ್ಲ. ವರ್ಷಗಳಿಂದ ಅದೇ ಕೆರೆ ಏರಿ, ಅದೇ ಸುತ್ತು. ಆಮೇಲೆ ಬಂತು ಆ ಪ್ರಶ್ನೆ.

ಅಮ್ಮ ಬ್ಯಾಗಿನಿಂದ ಖಾಲಿ ಸ್ಟ್ರಿಪ್ ತೆಗೆದರು. ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯಾಟಿಕ್. ಉರಿಮೂತ್ರಕ್ಕೆ ಅಂತ ಮೆಡಿಕಲ್ ಶಾಪ್‌ನವರು ಚೀಟಿ ಇಲ್ಲದೆ ಕೊಟ್ಟಿದ್ದು. ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆಯೂ ನಡೆಯುತ್ತಿತ್ತು. ಡಾಕ್ಟರು ತಲೆ ಅಲ್ಲಾಡಿಸಿದರು. ಇದೇ ಕಾರಣ ಅಂತ ನೂರಕ್ಕೆ ನೂರು ಹೇಳೋಕಾಗಲ್ಲ, ಆದರೆ 60 ದಾಟಿದವರು ಇವೆರಡನ್ನೂ ಒಟ್ಟಿಗೆ ತಗೊಂಡರೆ ಈ ಟೆಂಡನ್ ಹರಿದೇ ಹೋಗಬಹುದು ಅಂದರು. ಮನೆಗೆ ಬಂದು ಓದಿದೆ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳ ಮೇಲೆ ಈ ಎಚ್ಚರಿಕೆಯನ್ನು ದಪ್ಪ ಚೌಕಟ್ಟಿನೊಳಗೆ ಹಾಕಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಆ ಮಾತ್ರೆ ಚಾಕೊಲೇಟ್ ಸಿಕ್ಕ ಹಾಗೆ ಸಿಗುತ್ತದೆ!

ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೆ: ವಯಸ್ಸಾದವರ ನೋವು ಅಂದ ತಕ್ಷಣ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಮುಗಿಸಿಬಿಡುತ್ತೇವೆ. ಅಪ್ಪನೂ ಅದನ್ನೇ ನಂಬಿ, ಏನೂ ತಪ್ಪು ಮಾಡದ ಆ ವಾಕಿಂಗನ್ನೇ ಬೈದುಕೊಳ್ಳುತ್ತಿದ್ದರು.

ಶಾಪ್‌ನವರಿಗೆ ವಿಷಯ ಹೇಳಿದೆ. "ಎಲ್ರೂ ಇದನ್ನೇ ತಗೋತಾರೆ ಸಾರ್, ಯಾರಿಗೂ ಏನೂ ಆಗಿಲ್ಲ" ಅಂದರು. ಅವರಿಗೆ ಹೇಗೆ ಗೊತ್ತು? ನೋವು ಬರುವುದು ಕೆಲವು ಸಲ ಮಾತ್ರೆ ಮುಗಿದು ವಾರಗಳಾದ ಮೇಲೆ. ಆಗ ಅದೇ ಜನ ಅದೇ ಅಂಗಡಿಗೆ ಬಂದು ನೋವಿನ ಮುಲಾಮು ಕೇಳಿರುತ್ತಾರೆ, ಇವರು ಕೊಟ್ಟಿರುತ್ತಾರೆ.