ಏರಿ ಬೆವರುತ್ತೆ ಕಣೋ ಅಂದಿದ್ದರು ಅಪ್ಪ

ಮೂಡಿಗೆರೆ ಕಡೆ ಕಾಫಿ ತೋಟ ಇರುವವರಿಗೆ ಕೆರೆ ನೆನಪಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ನೀರು ಸಾಲುತ್ತಾ ಇಲ್ವಾ, ಅಷ್ಟೇ ಚಿಂತೆ. ಮಳೆಗಾಲದಲ್ಲಿ ಕೆರೆಯ ಮಣ್ಣಿನ ಕಟ್ಟೆ, ಅಂದರೆ ಏರಿ, ಹೇಗಿದೆ ಅಂತ ಹೋಗಿ ನೋಡುವವರು ಕಡಿಮೆ. ನಾನೂ ನೋಡುತ್ತಿರಲಿಲ್ಲ.

ನಮ್ಮದು ಅಜ್ಜನ ಕಾಲದ ಕೆರೆ. ಎರಡು ಗುಡ್ಡದ ನಡುವೆ ಮಣ್ಣು ಹಾಕಿ ಹಳ್ಳ ನಿಲ್ಲಿಸಿದ್ದು. 2019ರ ಆಗಸ್ಟ್‌ನಲ್ಲಿ ಆ ಮಳೆ ಹೊಯ್ಯುತ್ತಿದ್ದಾಗ ಕೆಲಸದ ಹೆಂಗಸೊಬ್ಬರು ಬಂದು, "ಅಯ್ಯಾ, ಏರಿ ಬುಡದಲ್ಲಿ ನೀರು ಬರ್ತಾ ಇದೆ, ಕೆಂಪಗಿದೆ" ಅಂದರು. ಅಪ್ಪ ತಲೆ ಎತ್ತದೆ, "ಮಣ್ಣಿನ ಏರಿ ಅಂದ್ಮೇಲೆ ಬೆವರುತ್ತೆ ಕಣೋ" ಅಂದರು. ಅದು ನಿಜವೇ. ಆದರೆ ತಿಳಿನೀರು ಜಿನುಗಿದರೆ ಬೆವರು, ಕೆಂಪು ನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಕೊಂಡು ಬರುತ್ತಿದೆ ಅಂತ. ಏಡಿ ಬಿಲವೋ, ಕೊಳೆತ ಬೇರೋ, ನೀರು ಬಿಡುವ ಹಳೇ ತೂಬಿನ ಪಕ್ಕದ ಸಂದೋ, ಒಂದು ದಾರಿ ಸಿಕ್ಕರೆ ಸಾಕು, ನೀರು ಬುಡದಿಂದ ಕೆರೆಯ ಕಡೆಗೆ ಕೊಳವೆ ಕೊರೆಯುತ್ತಾ ಹೋಗುತ್ತದೆ.

ಹೋಗಿ ನೋಡಿದರೆ ನೀರು ಏರಿಯ ತಲೆಗೆ ಒಂದು ಗೇಣು ಅಷ್ಟೇ ಬಾಕಿ. ಯಾಕೆ ಗೊತ್ತಾ? ಒಂದು ಅಡಿ ನೀರು ಜಾಸ್ತಿ ನಿಲ್ಲಲಿ ಅಂತ, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಗೆ ಮರಳು ಮೂಟೆ ಇಟ್ಟಿದ್ದು ನಾವೇ! ಮಣ್ಣಿನ ಏರಿ ಮೇಲೆ ನೀರು ಹತ್ತಿ ಹರಿದರೆ ಕೊಯ್ದುಕೊಂಡೇ ಹೋಗುತ್ತದೆ. ಮೊದಲು ಮೂಟೆ ಕಿತ್ತೆವು.

ಆಮೇಲೆ ನಾನು ಜೇಡಿಮಣ್ಣು ತಂದು ಆ ತೂತು ಮುಚ್ಚಲು ಹೊರಟೆ. ಪುಣ್ಯಕ್ಕೆ ನೀರಾವರಿ ಕೆಲಸ ಗೊತ್ತಿದ್ದ ಮಾವನಿಗೆ ಫೋನ್ ಸಿಕ್ಕಿತು. "ಮುಚ್ಚಬೇಡ ಮಾರಾಯ, ಇನ್ನೊಂದು ಕಡೆ ಒಡೆಯುತ್ತೆ. ನೀರು ಬರಲಿ, ಮಣ್ಣು ಬರಬಾರದು" ಅಂದರು. ಅದರ ಮೇಲೆ ದಪ್ಪ ಮರಳು, ಮರಳಿನ ಮೇಲೆ ಜಲ್ಲಿ, ಜಲ್ಲಿ ಮೇಲೆ ಕಲ್ಲು ಪೇರಿಸಿದೆವು. ತೂಬನ್ನೂ ಸ್ವಲ್ಪ ಸ್ವಲ್ಪವೇ ತೆಗೆಯಲು ಹೇಳಿದರು. ಒಮ್ಮೆಲೇ ನೀರಿಳಿದರೆ ಏರಿಯ ಕೆರೆ ಕಡೆಯ ನೆಂದ ಒಳಮೈ ಜಾರುತ್ತದಂತೆ. ಮಾರನೇ ದಿನ ಬುಡದ ನೀರು ತಿಳಿಯಾಯಿತು.

ಕೆರೆ ಕೆಳಗೆ ಕೆಲಸದವರಿರುವ ನಮ್ಮದೇ ಲೈನ್ ಮನೆಗಳಿವೆ, ಅದರಾಚೆ ಪಕ್ಕದವರ ಗದ್ದೆ. 2018ರ ಮೇ ತಿಂಗಳಲ್ಲಿ ಕೀನ್ಯಾದ ಸೋಲಾಯ್ ಎಂಬಲ್ಲಿ ಹೀಗೇ ಒಂದು ಖಾಸಗಿ ತೋಟದ ಮಣ್ಣಿನ ಅಣೆಕಟ್ಟು ರಾತ್ರಿ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ, ಆದರೆ ಅದು 10 ಮೀಟರ್‌ಗಿಂತ ಕಡಿಮೆ ಎತ್ತರದ ಏರಿಯ ತಂಟೆಗೇ ಬರುವುದಿಲ್ಲ. ನಮ್ಮದು 5 ಮೀಟರ್ ಇದ್ದರೆ ಹೆಚ್ಚು. ಅಂದರೆ ನಾವು ನೋಡದಿದ್ದರೆ ಯಾರೂ ನೋಡುವುದಿಲ್ಲ.

ಈಗ ಉಳಿದಿರುವ ಕೆಲಸ ಏರಿ ಮೇಲಿನ ಮೂರು ಸಿಲ್ವರ್ ಓಕ್ ಮರದ್ದು. ಸುಮ್ನೆ ಕಡಿದರೆ ಬೇರು ಕೊಳೆತು ಅದೇ ತೂತಾಗುತ್ತದೆ. ಬುಡ ಸಮೇತ ತೆಗೆದು, ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಮಳೆ ಹಿಡಿಯುವ ಮೊದಲು ಒಂದು ಹಿಟಾಚಿ ಸಿಗಬೇಕಲ್ಲ, ಅದೇ ಯೋಚನೆ.